ರೇರ್: ತೋಟದ ಮನೆಯಿಂದ ಬಂದ ಆಟಗಳು

1980ರ ದಶಕದ ನಡುಭಾಗ. ಇಂಗ್ಲೆಂಡಿನ ಸಂಗೀತ ವಾದ್ಯಗಳ ಅಂಗಡಿಯೊಂದರಲ್ಲಿ ಡೇವಿಡ್ ವೈಸ್ ಎಂಬ ತರುಣ ಕೆಲಸಕ್ಕಿದ್ದರು. ಅಂಗಡಿಗೆ ಬಂದ ಇಬ್ಬರು ಗಿರಾಕಿಗಳಿಗೆ ಯಮಾಹಾ ಕಂಪನಿಯ ಮ್ಯೂಸಿಕ್ ಕಂಪ್ಯೂಟರ್ ತೋರಿಸುತ್ತ, ತಾವೇ ಕಟ್ಟಿದ್ದ ಕೆಲವು ಟ್ಯೂನುಗಳನ್ನು ಕೇಳಿಸಿದರು. ಇದನ್ನು ಮಾಡಿದ್ದು ಯಾರು ಎಂದು ಅವರು ಕೇಳಿದರು. ನಾನೇ ಎಂದರು ವೈಸ್. ಗಿರಾಕಿಗಳು ಕೆಲಸಕ್ಕೆ ಕರೆದರು. ಅವರು ಟಿಮ್ ಮತ್ತು ಕ್ರಿಸ್ ಸ್ಟಾಂಪರ್ ಎಂಬ ಅಣ್ಣತಮ್ಮಂದಿರು, ವಿಡಿಯೋ ಗೇಮ್ ಲೋಕದಲ್ಲಿ ಇಂದಿಗೂ ಅಕ್ಕರೆಯಿಂದ ನೆನೆಯುವ ‘ರೇರ್’ ಕಂಪನಿಯ ಸ್ಥಾಪಕರು.

ಈ ಸಹೋದರರು ಮೊದಲು ಆಷ್‌ಬಿ ಎಂಬ ಊರಿನಲ್ಲಿ ‘ಅಲ್ಟಿಮೇಟ್ ಪ್ಲೇ ದ ಗೇಮ್’ ಹೆಸರಿನಲ್ಲಿ ಸ್ಪೆಕ್ಟ್ರಮ್ ಕಂಪ್ಯೂಟರಿಗೆ ಆಟ ಬರೆಯುತ್ತಿದ್ದರು. 1985ರಲ್ಲಿ ರೇರ್ ಹುಟ್ಟಿತು. ಲೆಸ್ಟರ್‌ಶೈರ್‌ನ ಟ್ವೈಕ್ರಾಸ್ ಎಂಬ ಹಳ್ಳಿಯ ತೋಟದ ಮನೆಯೇ ಆಫೀಸಾಯಿತು. ಪತ್ರಿಕೆಯವರಿಂದ ದೂರ, ಪೇಟೆಯಿಂದಲೂ ದೂರ.

ಜಪಾನಿನ ಗೇಮ್ ಕಂಪನಿ ನಿಂಟೆಂಡೋಗೆ ಆಟ ಮಾಡಿ ಗಳಿಸಿದ ಹಣವನ್ನು ಅವರು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ದುಬಾರಿ ಕಂಪ್ಯೂಟರುಗಳಿಗೆ ಸುರಿದರು. ಅದರ ಫಲವೇ 1994ರ ‘ಡಾಂಕಿ ಕಾಂಗ್ ಕಂಟ್ರಿ’, ಗೊರಿಲ್ಲಾವೇ ನಾಯಕನಾದ ಆಟ. ಗೊರಿಲ್ಲಾ ಹೇಗೆ ಓಡುತ್ತದೆಂದು ನೋಡಲು ತಂಡದವರು ಪಕ್ಕದ ಟ್ವೈಕ್ರಾಸ್ ಮೃಗಾಲಯದಲ್ಲಿ ಗಂಟೆಗಟ್ಟಲೆ ನಿಂತು ವಿಡಿಯೋ ಮಾಡಿಕೊಂಡರು. ನಿಜವಾದ ಗೊರಿಲ್ಲಾದ ನಡಿಗೆ ಆಟಕ್ಕೆ ಒಗ್ಗಲಿಲ್ಲ. ಕೊನೆಗೆ ಕುದುರೆಯ ನಾಗಾಲೋಟವನ್ನು ಗೊರಿಲ್ಲಾಕ್ಕೆ ತೊಡಿಸಿದರು!

ಆ ಆಟದ ಸಂಗೀತದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಧ್ವನಿಗೆಂದು ನಿಂಟೆಂಡೋದ ಆಟದ ಯಂತ್ರದಲ್ಲಿದ್ದ ಜಾಗ ಒಟ್ಟು 64 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗೆ ಇದರ ಹತ್ತಾರು ಪಟ್ಟು ಬೇಕು. ಒಮ್ಮೆಗೆ ಕೇಳಿಸಬಹುದಾದ ಧ್ವನಿಗಳು ಎಂಟೇ, ಅದರಲ್ಲೇ ಆಟದ ಸದ್ದುಗಳಿಗೂ ಪಾಲು. ಕೋರ್ಗ್ ಕಂಪನಿಯ ವೇವ್‌ಸ್ಟೇಷನ್ ಎಂಬ ಕೀಬೋರ್ಡಿನಲ್ಲಿ ಒಂದು ಸ್ವರವನ್ನು ಒತ್ತಿ ಹಿಡಿದರೆ ನಾದದ ಬಣ್ಣ ಜಾರುತ್ತ ಬದಲಾಗುತ್ತ ಹೋಗುತ್ತದೆ. ಆ ಗುಣವನ್ನು ಯಂತ್ರದ ಪುಟ್ಟ ಧ್ವನಿ ಚಿಪ್‌ನಿಂದಲೇ ಹೊರಡಿಸಬೇಕೆಂದು ವೈಸ್ ಹಟ ಹಿಡಿದರು. ಚಿಕ್ಕ ಚಿಕ್ಕ ಧ್ವನಿ ತುಣುಕುಗಳನ್ನು ಒಂದರ ಹಿಂದೊಂದು ಪೋಣಿಸಿದರು. ನುಡಿಸಿ ರೆಕಾರ್ಡ್ ಮಾಡುವ ಸೌಕರ್ಯವಿರಲಿಲ್ಲ. ಯಾವ ಸ್ವರ, ಎಷ್ಟು ಹೊತ್ತು ಎಂಬುದನ್ನೆಲ್ಲ ಹೆಕ್ಸಾಡೆಸಿಮಲ್ ಅಂಕಿಗಳಲ್ಲಿ ಟೈಪ್ ಮಾಡಬೇಕಿತ್ತು. ನೀರಿನಡಿಯ ಹಂತಗಳಿಗೆ ಮಾಡಿದ ‘ಅಕ್ವಾಟಿಕ್ ಆಂಬಿಯನ್ಸ್’ ಒಂದಕ್ಕೇ ಐದು ವಾರ ಹಿಡಿಯಿತು. ಕಣ್ಣು ಮುಚ್ಚಿ ಕೇಳಿದರೆ ಅದು ಅಂಕಿಗಳಿಂದ ಹುಟ್ಟಿದ್ದೆಂದು ನಂಬುವುದೇ ಕಷ್ಟ. ಐದು ವಾರ ಒಂದೇ ಟ್ಯೂನಿನ ಮೇಲೆ ಕೂರಲು ಬಿಟ್ಟ ಆ ಮನೆಯ ವಾತಾವರಣವೇ ರೇರ್‌ನ ನಿಜವಾದ ಬಂಡವಾಳ ಎಂಬುದು ನನ್ನ ನಂಬಿಕೆ.

1997ರಲ್ಲಿ ‘ಗೋಲ್ಡನ್‌ಐ 007’ ಎಂಬ ಶೂಟಿಂಗ್ ಆಟ ಬಂತು. ತಂಡದ ಬಹುತೇಕರಿಗೆ ಅದೇ ಮೊದಲ ಆಟ. ನಾಲ್ವರು ಒಂದೇ ಟಿವಿಯ ಮುಂದೆ ಕೂತು ಆಡುವ, ಜಗತ್ತೇ ಮರುಳಾದ ಭಾಗವನ್ನು ಸೇರಿಸಿದ್ದು ಕೆಲಸ ಮುಗಿಯುವ ಹೊತ್ತಿಗೆ. ಮರುವರ್ಷ ಕರಡಿ ಮತ್ತು ಹಕ್ಕಿಯ ಜೋಡಿಯ ‘ಬ್ಯಾಂಜೋ-ಕಜೂಯಿ’.

2002ರಲ್ಲಿ ಮೈಕ್ರೋಸಾಫ್ಟ್ 37.5 ಕೋಟಿ ಡಾಲರ್ ಕೊಟ್ಟು ರೇರ್ ಅನ್ನು ಕೊಂಡಿತು. ಆಮೇಲೆ ರೇರ್‌ನ ಹಳೆಯ ಮೆರುಗು ಮಾಸಿತು. ತಪ್ಪೆಲ್ಲ ಕೊಂಡವರದೇ ಎನ್ನುವಂತಿಲ್ಲ. ಗೋಲ್ಡನ್‌ಐ ನಿರ್ದೇಶಕ ಮಾರ್ಟಿನ್ ಹೋಲಿಸ್ ಅದಕ್ಕೂ ಮೊದಲೇ ಹೊರಟಿದ್ದರು. ಆದರೆ 2007ರಲ್ಲಿ ಸ್ಟಾಂಪರ್ ಸಹೋದರರೇ ಬಿಟ್ಟುಹೋದರು. 2008ರಲ್ಲಿ ಬ್ಯಾಂಜೋ ಮರಳಿ ಬಂದಾಗ ಅಭಿಮಾನಿಗಳಿಗೆ ಸಿಕ್ಕಿದ್ದು ಗಾಡಿ ಜೋಡಿಸುವ ಆಟ. ಆಮೇಲೆ ಕೈಕಾಲು ಆಡಿಸಿ ಆಡುವ ಕೈನೆಕ್ಟ್ ಸಾಧನಕ್ಕೆ ಸ್ಟುಡಿಯೋ ವರ್ಷಗಟ್ಟಲೆ ದುಡಿಯಿತು. ‘ಕೈನೆಕ್ಟ್ ಸ್ಪೋರ್ಟ್ಸ್’ ಚೆನ್ನಾಗಿಯೇ ಮಾರಾಟವಾಯಿತು. ಆದರೆ ಪೆಟ್ಟಿಗೆಯ ಮೇಲಿನ ಹೆಸರು ಮುಚ್ಚಿ ಕೊಟ್ಟರೆ ಅದು ರೇರ್‌ನದೆಂದು ಯಾರೂ ಗುರುತಿಸಲಾರರು.

2018ರ ‘ಸೀ ಆಫ್ ಥೀವ್ಸ್’ನಲ್ಲಿ ಹಳೆಯ ಜೀವ ಮತ್ತೆ ಮಿಡಿದದ್ದು ನಿಜ. ಹಡಗಿನ ಮೇಲೆ ಆಟಗಾರರು ಕೂಡಿ ವಾದ್ಯ ನುಡಿಸಬಹುದು. ಕುಡಿದಿದ್ದರೆ ಶ್ರುತಿ ತಪ್ಪುತ್ತದೆ. ಇಂಥ ಕಿಲಾಡಿತನ ರೇರ್‌ನವರಿಗೇ ಹೊಳೆಯುವಂಥದು. ಆದರೆ ಅಲ್ಲಿಂದೀಚೆಗೆ ಸ್ಟುಡಿಯೋದಿಂದ ಪೂರ್ತಿ ಹೊಸ ಲೋಕವೊಂದು ಹೊರಬಂದಿಲ್ಲ. 2019ರಲ್ಲಿ ಘೋಷಿಸಿದ್ದ ‘ಎವರ್‌ವೈಲ್ಡ್’ ಅನ್ನು ಮೈಕ್ರೋಸಾಫ್ಟ್ 2025ರ ಜುಲೈನಲ್ಲಿ, ಸಾವಿರಾರು ನೌಕರರನ್ನು ಕೈಬಿಟ್ಟ ಹೊತ್ತಿನಲ್ಲೇ, ರದ್ದು ಮಾಡಿತು. ಡಾಂಕಿ ಕಾಂಗ್ ಕಂಟ್ರಿಯ ಕಾಲದಿಂದಲೂ ಇದ್ದ ವಿನ್ಯಾಸಕಾರ ಗ್ರೆಗ್ ಮೇಲ್ಸ್ ಕೂಡ ಹೊರನಡೆದರು.

ವೈಸ್ ಹೊರಟಿದ್ದು 2009ರಲ್ಲಿ. ರೇರ್‌ನ ಹಳಬರು ಕಟ್ಟಿದ ‘ಪ್ಲೇಟಾನಿಕ್’ 2017ರಲ್ಲಿ ‘ಯೂಕಾ-ಲೇಲೀ’ ತಂದಾಗ ಸಂಗೀತ ಕೊಟ್ಟವರಲ್ಲಿ ಅವರೂ ಒಬ್ಬರು. ಆ ಆಟಕ್ಕೆ ಅಭಿಮಾನಿಗಳೇ 20 ಲಕ್ಷ ಪೌಂಡಿಗೂ ಹೆಚ್ಚು ಚಂದಾ ಕೂಡಿಸಿದ್ದರು. ಅದರಲ್ಲಿ ಕರಡಿ-ಹಕ್ಕಿಯ ಬದಲು ಊಸರವಳ್ಳಿ-ಬಾವಲಿ, ಏಕೆಂದರೆ ಬ್ಯಾಂಜೋ ಈಗ ಮೈಕ್ರೋಸಾಫ್ಟ್‌ನ ಆಸ್ತಿ. ಅವನದೇ ಹೊಸ ಆಟ 2008ರಿಂದೀಚೆಗೆ ಬಂದಿಲ್ಲ.