ರಕ್ತದ ಒತ್ತಡ: ಅಳತೆ ಸರಿಯಾಗಿರಲಿ

ತಕ್ಕಡಿ ತಪ್ಪಿದರೆ ಗಿರಾಕಿಗೆ ನಾಲ್ಕು ಕಾಸಿನ ನಷ್ಟ. ರಕ್ತದ ಒತ್ತಡದ ಅಳತೆ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಇಲ್ಲದ ರೋಗಕ್ಕೆ ವರ್ಷಗಟ್ಟಲೆ ಗುಳಿಗೆ ನುಂಗುವವರುಂಟು. ಇರುವ ರೋಗವನ್ನರಿಯದೆ ಪಾರ್ಶ್ವವಾಯುವಿಗೆ ತುತ್ತಾಗುವವರೂ ಉಂಟು. ನಾಗಪುರದಲ್ಲಿ ನಿದ್ದೆಗೆಟ್ಟು ಒಲೆಯ ಮುಂದೆ ದುಡಿಯುವ ನಮ್ಮ ಹೋಟೆಲು ಬಂಧುಗಳು ಈ ವಿಷಯವನ್ನು ಅವಶ್ಯವಾಗಿ ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ.

ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಉಪಕರಣವನ್ನು 1896ರಲ್ಲಿ ಇಟಲಿಯ ವೈದ್ಯ ರಿವಾ-ರೋಚ್ಚಿಯು ಪ್ರಕಟಪಡಿಸಿದನು. 1905ರಲ್ಲಿ ರಷ್ಯದ ಕೊರೊಟ್ಕೊವ್ ಎಂಬ ವೈದ್ಯನು ಸ್ಟೆತಾಸ್ಕೋಪಿನಿಂದ ರಕ್ತನಾಳದ ಸದ್ದನ್ನು ಆಲಿಸುವ ಕ್ರಮವನ್ನು ತೋರಿಸಿಕೊಟ್ಟನು. ಪಟ್ಟಿಯ ಗಾಳಿಯನ್ನು ಇಳಿಸುವಾಗ ಸದ್ದು ಮೊದಲಾಗುವ ಅಂಕಿಯೇ ಮೇಲಿನ ಒತ್ತಡ. ಸದ್ದು ಅಡಗುವ ಅಂಕಿಯೇ ಕೆಳಗಿನದು.

ಅಳತೆಗೆ ಮುಂಚಿನ ಅರ್ಧ ಗಂಟೆ ಕಾಫಿ, ಚಹ, ಬೀಡಿ, ತಂಬಾಕು ಕೂಡದು. ಮೂತ್ರವಿಸರ್ಜನೆ ಮಾಡಿ, ಬೆನ್ನಿಗೆ ಆಧಾರವಿಟ್ಟು, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಮೌನವಾಗಿ ಕುಳಿತಿರಬೇಕು. ಕಾಲಮೇಲೆ ಕಾಲು ಹಾಕಬಾರದು. ತೋಳು ಮೇಜಿನ ಮೇಲೆ ಹೃದಯದ ಮಟ್ಟದಲ್ಲಿರತಕ್ಕದ್ದು. ಹತ್ತು ಸೆಂಟಿಮೀಟರ್ ಕೆಳಗಿದ್ದರೂ ಅಂಕಿಯು ಏಳೆಂಟು ಮಿಲಿಮೀಟರ್ ಹೆಚ್ಚಾಗಿ ತೋರುವುದು. ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಸುತ್ತದೆ, ಬರಿಯ ತೋಳಿಗೇ ಸುತ್ತಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಒತ್ತಡ ಕಾಣಿಸುತ್ತದೆ.

ಅಳೆಯುವವರಿಗೂ ನಿಯಮಗಳುಂಟು. ಮಣಿಕಟ್ಟಿನ ನಾಡಿಯನ್ನು ಹಿಡಿದು ಪಟ್ಟಿಗೆ ಗಾಳಿ ತುಂಬಬೇಕು. ನಾಡಿ ನಿಂತ ಅಂಕಿಯನ್ನು ಗುರುತಿಸಿ ಗಾಳಿ ಬಿಡಬೇಕು. ಕೊಂಚ ತಾಳಿ, ಆ ಅಂಕಿಗಿಂತ 30 ಮಿಲಿಮೀಟರ್ ಮೇಲಕ್ಕೇರಿಸಿ ಸದ್ದನ್ನಾಲಿಸಬೇಕು. ಕೆಲವರಲ್ಲಿ ಸದ್ದು ನಡುವೆ ಅಡಗಿ ಮತ್ತೆ ಕೇಳಿಬರುವುದರಿಂದ, ನಾಡಿ ನೋಡದವರು ಮೇಲಿನ ಅಂಕಿಯನ್ನು ಕಡಿಮೆ ಬರೆದಾರು. ಗಾಳಿಯನ್ನು ಸೆಕೆಂಡಿಗೆ ಎರಡು ಮೂರು ಮಿಲಿಮೀಟರಿನಂತೆ ಇಳಿಸಬೇಕು. ಅಂಕಿಯನ್ನು ಸೊನ್ನೆಗೆ ಸರಿಹೊಂದಿಸಿ ಬರೆಯುವುದು ಅಳತೆಯಲ್ಲ, ಅಂದಾಜು.

ಮನೆಯಲ್ಲಿ ತೋಳಿಗೆ ಕಟ್ಟುವ ವಿದ್ಯುನ್ಮಾನ ಯಂತ್ರವೂ ಆದೀತು. ಕುಳಿತುಕೊಳ್ಳುವ ಕ್ರಮ ಮಾತ್ರ ಅದೇ. ಮೊದಲ ಸಲ ಎರಡೂ ತೋಳುಗಳನ್ನು ನೋಡಿ, ಹೆಚ್ಚಿದ್ದ ತೋಳಿನಲ್ಲಿಯೇ ಮುಂದೆ ಅಳೆಯತಕ್ಕದ್ದು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು ಎರಡನ್ನೂ ದಿನಾಂಕದೊಡನೆ ಬರೆದಿಡಬೇಕು.

ಚಿಕಿತ್ಸಾಲಯದಲ್ಲಿ ಬೇರೆ ಬೇರೆ ದಿನಗಳಲ್ಲಿಯೂ 140/90 ಅಥವಾ ಅದಕ್ಕೂ ಮೇಲೆ ಕಂಡರೆ ಸಾಮಾನ್ಯವಾಗಿ ಅಧಿಕ ಒತ್ತಡವೆಂದು ಎಣಿಸುತ್ತಾರೆ. 2017ರಲ್ಲಿ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಯೋಜನೆಯು ಆರಂಭವಾದಾಗ ಮೊದಲ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದಾಗಿತ್ತು. ಈ ಬೇನೆ ನೋವಿಲ್ಲದೆ ಬೆಳೆಯುವುದರಿಂದ ಅಳತೆಯೊಂದೇ ಅದರ ಸುಳಿವು. ಆದುದರಿಂದ ಒಂದು ಅಂಕಿಗೆ ಹೆದರಿ ಗುಳಿಗೆ ಕೊಳ್ಳುವುದೂ ಬೇಡ, ಒಂದು ಅಂಕಿಗೆ ಹಿಗ್ಗಿ ಗುಳಿಗೆ ಬಿಡುವುದೂ ಬೇಡ. ಬರೆದಿಟ್ಟ ಚೀಟಿಯನ್ನು ವೈದ್ಯರ ಮುಂದಿಡಿರಿ.