ನೆನಪಿನ ನಕ್ಷೆ

ನೆನಪನ್ನು ಶಿಲಾಶಾಸನಕ್ಕೆ ಹೋಲಿಸುವುದು ನಮ್ಮಲ್ಲಿ ವಾಡಿಕೆ. ಮಿದುಳಿನ ವ್ಯವಹಾರವೇ ಬೇರೆ. ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ, ಗೊತ್ತಾದ ಒಂದು ಸ್ಥಳಕ್ಕೆ ಬಂದಾಗ ಮಾತ್ರ ಮಿಡಿಯುವ ಕೋಶಗಳಿವೆಯೆಂದು 1971ರಲ್ಲಿ ಲಂಡನ್ನಿನ ಜಾನ್ ಓಕೀಫ್ ಅವರು ತೋರಿಸಿದರು. 2013ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು ಪುಟ್ಟ ಇಲಿಗಳನ್ನು ಒಂದೇ ಹಾದಿಯಲ್ಲಿ ವಾರಗಟ್ಟಲೆ ಓಡಿಸಿ ನೋಡಿದರು. ಹಾದಿ ಅದೇ, ಮಿಡಿದ ಕೋಶಗಳ ಗುಂಪು ಮಾತ್ರ ದಿನಕ್ಕೊಂದು. ಯಾವ ಎರಡು ದಿನಗಳನ್ನು ಹೋಲಿಸಿದರೂ ಸಮಾನವಾಗಿದ್ದುವು ನೂರಕ್ಕೆ ಸುಮಾರು 15ರಿಂದ 25. ಆದರೆ ಆ ಕೆಲವು ತಂತಮ್ಮ ಸ್ಥಳವನ್ನು ಮರೆಯಲಿಲ್ಲ. ನಕ್ಷೆ ಉಳಿಯಲು ಅಷ್ಟೇ ಸಾಕಾಯಿತು.

ಹಳಗನ್ನಡ ಬೋಧಿಸುವ ನನಗೆ ಇದು ಪರಿಚಿತವೆನಿಸಿತು. ‘ಪಾಲ್’ ‘ಹಾಲು’ ಆಯಿತು; ನುಡಿ ಕನ್ನಡವಾಗಿಯೇ ಉಳಿಯಿತು. ಬದಲಾವಣೆಯೆಲ್ಲ ನಷ್ಟವೆಂದು ಮರುಗುವವರು ಈ ಪುಟ್ಟ ಇಲಿಯ ಓಟವನ್ನು ನೆನೆಯಬಹುದು.