ವೈದ್ಯರ ಕೈಯ ಮೊಬೈಲು

ರೋಗಿಯು ತನ್ನ ಸಂಕಟವನ್ನು ಹೇಳಿಕೊಳ್ಳುತ್ತಿರುವಾಗಲೇ ವೈದ್ಯರು ಮೊಬೈಲನ್ನು ಕೈಗೆತ್ತಿಕೊಂಡರೆ ಅವನ ಮನಸ್ಸಿಗೆ ಹೇಗಾಗುವುದು? ‘ನನ್ನ ಮಾತು ಇವರಿಗೆ ಬೇಡವಾಯಿತು’ ಎಂದು ಒಬ್ಬನು ನೊಂದುಕೊಳ್ಳುವನು. ‘ಔಷಧವೇ ಇವರಿಗೆ ತಿಳಿಯದೋ ಏನೋ’ ಎಂದು ಮತ್ತೊಬ್ಬನು ಶಂಕಿಸುವನು. ಆಸ್ಪತ್ರೆಗೆ ಹೋಗಿಬಂದವರ ಬಾಯಲ್ಲಿ ಈ ದೂರು ಈಚೆಗೆ ಕೇಳಿಬರುತ್ತಿರುವುದರಿಂದ, ಇದನ್ನು ಕುರಿತು ವಾಚಕರೊಡನೆ ನಾಲ್ಕು ಮಾತು ಆಡಬೇಕೆಂದು ನಮಗೆ ತೋರಿತು.

ಮೊದಲು ಆ ಉಪಕರಣದಿಂದಾಗುವ ಉಪಕಾರವನ್ನು ಒಪ್ಪಲೇಬೇಕು. ಇಂದು ಬಳಕೆಯಲ್ಲಿರುವ ಔಷಧಗಳು ಸಾವಿರಾರು. ಮಗುವಿನ ತೂಕಕ್ಕೆ ತಕ್ಕ ಪ್ರಮಾಣವೆಷ್ಟು, ಮೂತ್ರಪಿಂಡದ ಶಕ್ತಿ ಕುಂದಿದವರಿಗೆ ಎಷ್ಟು ಕಡಮೆ ಮಾಡಬೇಕು, ಒಂದು ಔಷಧವು ಮತ್ತೊಂದರೊಡನೆ ಸೇರಿ ಕೆಡುಕುಂಟುಮಾಡುವುದೇ ಎಂಬಿವನ್ನು ನೆನಪೊಂದನ್ನೇ ನಂಬಿ ಹೇಳುವುದಕ್ಕಿಂತ ನೋಡಿ ಹೇಳುವುದು ಕ್ಷೇಮ. ನೋಡಿ ಬರೆಯುವ ವೈದ್ಯರು ಅಲ್ಪಜ್ಞರಲ್ಲ, ಜಾಗರೂಕರು.

ಹೊಸ ಸಾಧನವು ವೈದ್ಯರಿಗೂ ರೋಗಿಗೂ ನಡುವೆ ಬಂದುದು ಇದೇ ಮೊದಲಲ್ಲ. 1816ರಲ್ಲಿ ಪ್ಯಾರಿಸ್ಸಿನ ಲೇನೆಕ್ ಎಂಬ ವೈದ್ಯನು ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದನು. ಸ್ಟೆತಾಸ್ಕೋಪು ಹುಟ್ಟಿದುದು ಹಾಗೆ. ಆದರೆ ಒಂದು ಭೇದವುಂಟು. ಸ್ಟೆತಾಸ್ಕೋಪು ಹಿಡಿದವರು ಎದೆಯ ಸದ್ದನ್ನೇ ಕೇಳುತ್ತಿರುವರೆಂಬುದನ್ನು ಎಲ್ಲರೂ ಬಲ್ಲರು. ಮೊಬೈಲು ಹಿಡಿದವರು ಔಷಧದ ಪ್ರಮಾಣವನ್ನು ನೋಡುತ್ತಿರುವರೋ, ಗೆಳೆಯರ ಸಮಾಚಾರವನ್ನು ಓದುತ್ತಿರುವರೋ ಎದುರು ಕುಳಿತವರಿಗೆ ಕಾಣದು. ಸಂಶಯದ ಬೇರು ಇರುವುದು ಇಲ್ಲಿಯೇ.

ಇದಕ್ಕೆ ಪರಿಹಾರವೂ ಸುಲಭ. ‘ಮಗುವಿಗೆ ಔಷಧ ಎಷ್ಟು ಕೊಡಬೇಕೆಂದು ನೋಡುತ್ತಿದ್ದೇನೆ’ ಎಂದು ವೈದ್ಯರು ಒಂದು ಮಾತು ಹೇಳಿದರೆ ತಾಯಿಯ ಮನಸ್ಸು ನಿರಾಳವಾಗುವುದು. ಅವರು ಹೇಳದಿದ್ದಲ್ಲಿ, ‘ಡಾಕ್ಟರೇ, ಏನು ನೋಡುತ್ತಿದ್ದೀರಿ, ನಮಗೂ ತಿಳಿಸುವಿರಾ?’ ಎಂದು ನಾವೇ ವಿನಯದಿಂದ ಕೇಳಬಹುದು. ಇದು ಉದ್ಧಟತನವಲ್ಲ.

ಇನ್ನೆರಡು ವಿಷಯಗಳಲ್ಲಿ ಸಂಕೋಚವು ಸಲ್ಲದು. ಎಲ್ಲೆಂದರಲ್ಲಿ ಇಡುವ ಮೊಬೈಲಿಗೆ ರೋಗಾಣುಗಳು ಅಂಟಿಕೊಂಡಿರುವುದುಂಟು. ವೈದ್ಯರು ಕೈ ತೊಳೆಯುವ ನಿಯಮವನ್ನು 1847ರಲ್ಲಿ ಸೆಮ್ಮೆಲ್‌ವೈಸನು ವಿಯೆನ್ನಾದ ಹೆರಿಗೆಯ ಆಸ್ಪತ್ರೆಯಲ್ಲಿ ತಂದ ಬಳಿಕ ಬಾಣಂತಿಯರ ಮರಣವು ಬಹಳ ತಗ್ಗಿತು. ಆದುದರಿಂದ ಮೊಬೈಲು ಮುಟ್ಟಿದ ಕೈಯನ್ನು ಶುಚಿಮಾಡಿಕೊಂಡೇ ಗಾಯವನ್ನು ಮುಟ್ಟಬೇಕೆಂದು ಕೋರುವುದು ನ್ಯಾಯವಾದುದು. ಎರಡನೆಯದು, ಭಾವಚಿತ್ರ. ಹುಣ್ಣಿನ ಚಿತ್ರವನ್ನು ತಜ್ಞರಿಗೆ ಕಳುಹಿಸಿ ಸಲಹೆ ಪಡೆಯುವುದು ಉಪಯುಕ್ತವೇ ಸರಿ. ಆದರೆ ರೋಗಿಯ ಒಪ್ಪಿಗೆ ಪಡೆದ ಮೇಲೆಯೇ ಚಿತ್ರ ತೆಗೆಯಬೇಕು, ಅದು ಯಾರಿಗೆ ಹೋಗುವುದೆಂಬುದನ್ನೂ ತಿಳಿಸಬೇಕು.

ರೋಗಿಗೆ ಔಷಧದಷ್ಟೇ ನಂಬಿಕೆಯೂ ಬೇಕು. ಕೇಳುವ ಧೈರ್ಯವು ನಮ್ಮಲ್ಲಿಯೂ, ಹೇಳುವ ಸೌಜನ್ಯವು ವೈದ್ಯರಲ್ಲಿಯೂ ಇದ್ದರೆ ಮೊಬೈಲು ಅದಕ್ಕೆ ಅಡ್ಡಿಯಾಗದು.